ಆ ಕೀಬೋರ್ಡ್ ಆಫ್ ಮಾಡಿ ಮಾರಾಯ್ರೇ

ಬರೀ ಬಾಯಲ್ಲಿ ಹಾಡೋ ನಮ್ಮ ಕಡೆ ಹೆಂಗಸರ ಹಿಂದೆ ಕೀಬೋರ್ಡ್ ಇಟ್ಟಿದ್ದು ನೋಡಿ ತಲೆ ಬಿಸಿಯಾಗಿದೆ, ಅದಕ್ಕೇ ಉದ್ದ ಬರೀತಿದ್ದೇನೆ. ಟೈಮ್ ಇಲ್ದೋರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಈ ಮಳೆಗಾಲ ಪೂರ್ತಿ, ಶಿರಸಿಯಲ್ಲಿ ಕರೆಂಟು ಮತ್ತು ನೆಟ್‌ವರ್ಕು ಎರಡೂ ಒಟ್ಟಿಗೇ ಇದ್ದ ಅಪರೂಪದ ರಾತ್ರಿಗಳಲ್ಲಿ ನಾನು ಯೂಟ್ಯೂಬಲ್ಲಿ 'ದಿ ಸಿಂಗ್ ಆಫ್' ತುಣುಕು ನೋಡ್ತಾ ಕೂತಿದ್ದು. ಅಮೆರಿಕದ ಎನ್‌ಬಿಸಿ ಚಾನೆಲ್ಲಿನ ಹಳೇ ಶೋ, 2009ರ ಡಿಸೆಂಬರಲ್ಲಿ ಶುರುವಾಗಿದ್ದು. ಹಾಡಿನ ಸ್ಪರ್ಧೆನೇ, ಆದ್ರೆ ಬರೋದು ಒಬ್ಬೊಬ್ಬರಲ್ಲ, ಗುಂಪು ಗುಂಪು, ಮತ್ತೆ ಸ್ಟೇಜ್ ಮೇಲೆ ಒಂದೇ ಒಂದು ವಾದ್ಯ ಇರೋ ಹಾಗಿಲ್ಲ. ಗಿಟಾರ್ ಇಲ್ಲ, ಡ್ರಮ್ ಇಲ್ಲ, ಟ್ರ್ಯಾಕ್ ಇಲ್ಲ. ಒಬ್ಬ ಮುಂದೆ ನಿಂತು ಹಾಡ್ತಾನೆ, ಇನ್ನೊಬ್ಬ ಮಂದ್ರದಲ್ಲಿ ಎದೆಯಿಂದ ಗುಂಯ್ ಅಂತ ಬೇಸ್ ಹಿಡೀತಾನೆ, ನಡುವಿನವರು ಸ್ವರ ಹಂಚಿಕೊಂಡು ಕಾರ್ಡ್ (ಒಟ್ಟಿಗೇ ಕೇಳೋ ಸ್ವರಗಳ ಗೊಂಚಲು) ಕಟ್ತಾರೆ, ಮೂಲೆಲೊಬ್ಬ ತುಟಿ ನಾಲಗೆಯಲ್ಲೇ ಪೂರಾ ಡ್ರಮ್ ಸೆಟ್ ಬಾರಿಸ್ತಾನೆ. ಅಕಪೆಲ್ಲಾ ಅಂತಾರಲ್ಲ, ಅದು.

ಗೊತ್ತಿದ್ದವರಿಗೆ ಗೊತ್ತು, ಇದು ಎಷ್ಟು ಕಷ್ಟ ಅಂತ. ವಾದ್ಯ ಇಲ್ದೇ ಹಾಡ್ತಾ ಹೋದ್ರೆ ಗುಂಪಿನ ಶ್ರುತಿ ಗೊತ್ತಾಗದ ಹಾಗೆ ಕೆಳಗೆ ಜಾರ್ತದೆ, ಮೊದಲನೇ ಚರಣದಲ್ಲಿ ಇದ್ದಲ್ಲಿ ಕೊನೇ ಚರಣದಲ್ಲಿ ಇರೋದಿಲ್ಲ, ಮತ್ತೆ ಒಬ್ಬ ಜಾರಿದ ಅಂದ್ರೆ ಎಲ್ಲರೂ ಜಾರಿದ ಹಾಗೇ. ಮುಚ್ಚಿಕೊಳ್ಳೋಕೆ ಏನೂ ಇಲ್ಲ ಅಲ್ಲಿ. ಜಡ್ಜ್ ಕುರ್ಚಿಲಿ ಬೆನ್ ಫೋಲ್ಡ್ಸ್ ಅಂತೊಬ್ಬ ಇದ್ದ, ಸ್ವತಃ ಪಿಯಾನೋದವ. ಅವ ಮಾತಾಡೋದು ಬೇಸ್ ಎಲ್ಲಿ ಸಡಿಲಾಯ್ತು, ಒಳಗಿನ ಸ್ವರ ಯಾವುದು ಎದ್ದು ಕೇಳ್ತು, ಇದೇ. ನಮ್ಮ ಟೀವಿ ಜಡ್ಜ್‌ಗಳ ತರ 'ನಿನ್ನ ಕಂಠದಲ್ಲಿ ಸಾಕ್ಷಾತ್ ಸರಸ್ವತಿ' ಅಂತ ಎದ್ದು ನಿಂತು ಕಣ್ಣೊರೆಸಿಕೊಳ್ಳೋದಲ್ಲ. (ಅಳು, ಅಪ್ಪನ ಕಷ್ಟ, ಸ್ಲೋ ಮೋಷನ್ ಅಲ್ಲೂ ಇದೆ ಬಿಡಿ, ಟೀವಿ ಅಂದ್ಮೇಲೆ ಇರ್ತದೆ.)

ಸರಿ, ಈಗ ಸಿಟ್ಟಿನ ವಿಷಯ.

ಮೊನ್ನೆ ಇಲ್ಲೇ ಒಂದು ಸಾಂಸ್ಕೃತಿಕ ಸಂಘದ ಕಾರ್ಯಕ್ರಮ. ಯಾವುದು ಅಂತ ಕೇಳಬೇಡಿ, ಹೇಳಲ್ಲ, ನಾಳೆ ಪೇಟೇಲಿ ಅವರ ಮುಖ ನೋಡಬೇಕು ನಾನು. ನಮ್ಮ ದೊಡ್ಡಾಯಿ ಮತ್ತೆ ಅವಳ ಗುಂಪನ್ನ ಸಂಪ್ರದಾಯದ ಹಾಡು ಹೇಳೋಕೆ ಕರೆದಿದ್ರು. ದೊಡ್ಡಾಯಿ ಅಂದ್ರೆ ನಮ್ಮ ದೊಡ್ಡಮ್ಮ, ನಮ್ಮನೆ ಮದುವೆ ಮುಂಜಿಗೆ ಬಂದವರೆಲ್ಲ ಅವಳ ಹಾಡು ಕೇಳಿದ್ದೀರಿ. ಈ ಹೆಂಗಸರು ಹಾಡಿದ್ದು ಯಾವಾಗ್ಲೂ ಬರೀ ಬಾಯಲ್ಲಿ. ಒಬ್ಬಳು ಸಾಲು ಎತ್ತಿಕೊಳ್ತಾಳೆ, ಅವಳ ಉಸಿರು ಮುಗಿಯೋದರೊಳಗೆ ಬದಿಯವಳು ಬಾಲ ಹಿಡಿದಾಗಿರ್ತದೆ, ಹಾಗಾಗಿ ಹಾಡಿಗೆ ಎಲ್ಲೂ ತೂತು ಬೀಳೋದಿಲ್ಲ. ಧಾರೆ ತಡ ಆಯ್ತಾ, ಹಾಡು ಉದ್ದ ಆಗ್ತದೆ. ಭಟ್ರು ಅವಸರ ಮಾಡಿದ್ರಾ, ಎರಡು ನುಡಿ ನುಂಗಿ ಮುಗಿಸ್ತಾರೆ. ಎಲ್ಲಾ ಕಣ್ಣಲ್ಲೇ.

ಸ್ಟೇಜ್ ಹತ್ತಿ ನೋಡಿದ್ರೆ ಹಿಂದೆ ಕೀಬೋರ್ಡು, ಪಕ್ಕದಲ್ಲಿ ರಿದಂ ಪ್ಯಾಡು. ಕೀಬೋರ್ಡಿನ ಹುಡುಗ, ಪಾಪ, ಒಳ್ಳೆಯವನೇ, 'ಯಾವ ಶ್ರುತಿ ಅಮ್ಮಾ?' ಕೇಳಿದ. ದೊಡ್ಡಾಯಿ 'ಯಂಗಕ್ಕೆ ಬಪ್ಪ ಶ್ರುತಿ' (ನಮಗೆ ಬರೋ ಶ್ರುತಿ) ಅಂದ್ಳು. ಅವ ನಕ್ಕು ತನಗೆ ಬರೋ ಶ್ರುತಿ ಹಿಡಿದ. ಅದು ಇವರ ಶ್ರುತಿಗಿಂತ ಒಂದೂವರೆ ಮನೆ (ಸ್ವರದ ಮೆಟ್ಟಿಲು) ಮೇಲೆ. ಪ್ಯಾಡಿನಲ್ಲಿ ನಾಲ್ಕರ ಲೂಪು ಧಡ್ ಧಡ್ ಅಂತ ಶುರು, ಹಾಡಿನ ನಡೆಯೇ ಬೇರೆ, ಬೇಕಾದಲ್ಲಿ ಎಳೆದು ನಿಲ್ಲಿಸೋ ಹಾಡದು, ಲೂಪ್ ಎಲ್ಲಿ ನಿಲ್ತದೆ. ಮೂರನೇ ನುಡಿಗೆ ಇಬ್ಬರು ಸುಮ್ಮನಾದ್ರು, ಉಳಿದವರು ಕಿರುಚಿದ್ರು. ಸಭೆ ಚಪ್ಪಾಳೆ ಹೊಡೀತು, ಬೀಟಿಗೆ. ಕೆಳಗಿಳಿದು ಬಂದ ದೊಡ್ಡಾಯಿ ಹೇಳಿದ್ದು ಇಷ್ಟೇ: 'ಯಂಗೆ ಯನ್ನ ಸ್ವರವೇ ಕೇಳಿದ್ದಿಲ್ಲೆ ತಮಾ.'

ನನಗೆ ಉರಿದಿದ್ದು ಅಲ್ಲೇ. ಸಾವಿರಾರು ಮೈಲಿ ಆಚೆ ಒಂದು ದೊಡ್ಡ ಚಾನೆಲ್ಲು ಪ್ರೈಮ್ ಟೈಮಲ್ಲಿ ದುಡ್ಡು ಸುರಿದು ಇರೋ ವಾದ್ಯ ಎಲ್ಲ ಹೊರಗಿಟ್ಟು ಬರೀ ಬಾಯಲ್ಲಿ ಹಾಡಿ ಅಂತು, ನಾವು ಬರೀ ಬಾಯಲ್ಲಿ ಹಾಡ್ತಾ ಇದ್ದವರ ಹಿಂದೆ ಬಾಡಿಗೆ ಕೀಬೋರ್ಡ್ ತಂದು ನಿಲ್ಲಿಸಿದ್ವಿ. ರಿಚ್ ಆಗಿ ಕೇಳ್ತದಂತೆ! ತುಪ್ಪದ ಮೇಲೆ ಡಾಲ್ಡಾ ಹೊಯ್ದ ಹಾಗೆ.

ಸಂಘದವರನ್ನ ಕೇಳಿದೆ. 'ಈಗಿನ ಜನಕ್ಕೆ ಬೀಟ್ ಬೇಕು, ಇಲ್ಲಾಂದ್ರೆ ಕೂರೋದಿಲ್ಲ' ಅಂದ್ರು. ಹೌದಾ? 2011ರ ಸೀಸನ್ ಗೆದ್ದ ಪೆಂಟಾಟಾನಿಕ್ಸ್ ಅನ್ನೋ ಐದು ಜನ ಇದಾರಲ್ಲ, ಅದರಲ್ಲಿ ಮೂವರು ಟೆಕ್ಸಸ್ಸಿನ ಆರ್ಲಿಂಗ್ಟನ್ನಿನ ಸ್ಕೂಲ್ ದೋಸ್ತಿಗಳು, ಬೇಸಿನವ ಮತ್ತು ಬಾಯಲ್ಲೇ ಡ್ರಮ್ ಬಾರಿಸೋ ಬೀಟ್‌ಬಾಕ್ಸಿನವ ಸ್ಪರ್ಧೆಗೆ ಸ್ವಲ್ಪ ಮೊದಲು ಸೇರಿಕೊಂಡವರು. ಗೆದ್ದ ಮೇಲೆ ಸಿಕ್ಕಿದ್ದ ರೆಕಾರ್ಡ್ ಕಂಪನಿನೂ ಇವರನ್ನ ಕೈಬಿಡ್ತು. ಇವರು ಯೂಟ್ಯೂಬಿಗೆ ಹಾಕ್ತಾ ಹೋದ್ರು. ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್ ಹಾಡುಗಳನ್ನ ಪೋಣಿಸಿ ಮಾಡಿದ್ದಕ್ಕೆ 2015ರಲ್ಲಿ ಗ್ರ್ಯಾಮಿ ಬಂತು. ಯಂತ್ರದಲ್ಲೇ ಹುಟ್ಟಿದ ಸಂಗೀತವನ್ನ ಬಾಯಲ್ಲಿ ಹಾಡಿ ತಗೊಂಡ ಗ್ರ್ಯಾಮಿ, ಅದನ್ನ ನೆನೆಸಿಕೊಂಡ್ರೆ ನಂಗೆ ಈಗ್ಲೂ ಖುಷಿ. ಜನ ಕೂರಲ್ವಂತೆ.

ಇಲ್ಲಿ ಯಾರಾದ್ರೂ ಬುದ್ಧಿವಂತರು ಬಂದು ಹೇಳ್ತೀರಿ, ಆ ಶೋನೇ ಓಡಲಿಲ್ಲ, 2012ರಲ್ಲಿ ಸೀಸನ್ನೇ ಇರಲಿಲ್ಲ, 2013ರಲ್ಲಿ ತಿರುಗಿ ಬಂತು, 2014ರಲ್ಲಿ ಒಂದೇ ಒಂದು ಸ್ಪೆಷಲ್ ಮಾಡಿ ಮುಗಿಸಿದ್ರು ಅಂತ. ನಿಜ, ಒಪ್ಪಿದೆ. ಚಾನೆಲ್ಲಿಗೆ ಬೇಕಾದ ಟಿಆರ್‌ಪಿ ಬಂದಿರಲಿಕ್ಕಿಲ್ಲ, ಅದಕ್ಕೂ ದೊಡ್ಡಾಯಿ ಹಿಂದೆ ರಿದಂ ಪ್ಯಾಡ್ ಇಡೋದಕ್ಕೂ ಎಂತಾ ಸಂಬಂಧ? ನಾವೇನು ಜಾಹೀರಾತು ಮಾರಿ ಹಾಲ್ ಬಾಡಿಗೆ ಕಟ್ತೇವಾ? ಇನ್ನೊಂದು ಮಾತೂ ಬರ್ತದೆ, ಅವರದ್ದು ಹಾರ್ಮನಿ, ಹಲವು ಸ್ವರ ಒಟ್ಟಿಗೆ, ನಮ್ಮವರದ್ದು ಎಲ್ಲರೂ ಒಂದೇ ಸ್ವರ, ಹಾಗಾಗಿ ತೆಳ್ಳಗೆ ಕೇಳ್ತದೆ ಅಂತ. ಒಂದೇ ಸ್ವರ ಹೌದು. ಆದ್ರೆ ಐದು ಗಂಟಲು ಒಂದೇ ಸ್ವರದಲ್ಲಿ, ಒಂದು ಸ್ವಲ್ಪ ಮೂಗಲ್ಲಿ, ಒಂದು ಸ್ವಲ್ಪ ಒಡೆದು, ಒಂದು ಕೂದಲೆಳೆ ಹಿಂದೆ, ಅದು ಸೇರಿ ಬರೋ ನಾದ ಯಾವ ಕೀಬೋರ್ಡಿನ ಸ್ಟ್ರಿಂಗ್ಸ್ ಟೋನಿಗೂ ಬರಲ್ಲ. ತೆಳ್ಳಗೆ ಕೇಳೋದು ನಿಮ್ಮ ಸೌಂಡಿನವ ಐವರ ನಡುವೆ ಒಂದು ಮೈಕ್ ಇಟ್ಟು ಚಾ ಕುಡಿಯೋಕೆ ಹೋದ್ರಿಂದ.

ಆಚೆ ಅಂಕೋಲೆಯ ಬಡಗೇರಿಯ ಹಾಲಕ್ಕಿ ಸಮುದಾಯದ ಜನಪದ ಹಾಡುಗಾರ್ತಿ ಸುಕ್ರಜ್ಜಿಗೆ (ಸುಕ್ರಿ ಬೊಮ್ಮಗೌಡ) 2017ರಲ್ಲಿ ಪದ್ಮಶ್ರೀ ಬಂದಾಗ ಇದೇ ಜನ ಬ್ಯಾನರ್ ಕಟ್ಟಿದ್ರಲ್ಲ, ಆ ಪದ್ಮಶ್ರೀ ಕೊಟ್ಟಿದ್ದು ಹಾಲಕ್ಕಿ ಅಜ್ಜಿಯ ಬಾಯಿಗೂ ನೆನಪಿಗೂ. ಪ್ಯಾಡಿಗಲ್ಲ.

ನಂಗೆ ಇಷ್ಟ್ಯಾಕೆ ತಾಗ್ತದೆ ಅಂದ್ರೆ, ಹೇಳೇ ಬಿಡ್ತೇನೆ, ಶಾಲೇಲಿ ನಾನು ಸಮೂಹಗಾನದ ಹಿಂದಿನ ಸಾಲಿನವ. ಸೋಲೋಗೆ ಯಾವತ್ತೂ ಕರೀಲಿಲ್ಲ, ಕರೆಯೋ ಸ್ವರವೂ ಅಲ್ಲ. ಆದ್ರೆ ಬದಿಯವನ ಸ್ವರಕ್ಕೆ ನನ್ನ ಸ್ವರ ಸರೀ ಕೂತಾಗ ಎದೆ ಒಳಗೆ ಒಂದು ನಡುಕ ಬರ್ತಿತ್ತು, ಅದು ಮತ್ತೆ ಯಾವುದರಲ್ಲೂ ಸಿಗಲಿಲ್ಲ, ಸಂಬಳದಲ್ಲೂ. 2013ರಲ್ಲಿ ಗೆದ್ದ ಹೋಮ್ ಫ್ರೀ ಗುಂಪಿನ ಬೇಸ್ ಟಿಮ್ ಫೌಸ್ಟ್ ಪಾತಾಳಕ್ಕೆ ಇಳಿದಾಗ ಉಳಿದ ನಾಲ್ಕು ಜನ ಅವನ ಕಡೆ ನೋಡೋ ನೋಟ ಇದೆಯಲ್ಲ, ಅದನ್ನ ರಿವೈಂಡ್ ಮಾಡಿ ಮಾಡಿ ನೋಡ್ತೇನೆ. ನಮ್ಮ ಚಾನೆಲ್ಲುಗಳಿಗೆ ಬೇಕಾಗಿರೋದು ಒಬ್ಬ ಸ್ಟಾರು, ಹಿಂದಿನ ಸಾಲಿನವರು ಕತ್ತಲಲ್ಲಿ ನಿಂತು ಆ ಆ ಅನ್ನಬೇಕು.

ನವರಾತ್ರಿಗೆ ದೊಡ್ಡಾಯಿ ಗುಂಪನ್ನ ಮತ್ತೆ ಕರೆದಿದ್ದಾರೆ. ಅವಳು ಹೋಗ್ತಾಳಂತೆ, ಕಳೆದ ಸಲದ ಶಾಲು ಚೊಲೋ ಇತ್ತಂತೆ, ನಾ ಎಂತ ಹೇಳ್ಲಿ. ಸಂಘದ ಸೆಕ್ರೆಟರಿಗೆ ಫೋನ್ ಮಾಡಿ ಕೈಮುಗಿದು ಕೇಳಿದೆ, ಐದು ಮೈಕ್ ಕೊಡಿ, ಕೀಬೋರ್ಡ್ ಪ್ಯಾಡ್ ಎಂತದೂ ಬೇಡ ಅಂತ. 'ಐದು ಮೈಕ್ ಕಷ್ಟ ಭಟ್ರೇ, ಇರೋದೇ ಎರಡು. ಕೀಬೋರ್ಡಾದ್ರೆ ನಮ್ಮ ಅಧ್ಯಕ್ಷರ ಮಗಂದೇ ಉಂಟು, ಫ್ರೀ' ಅಂದ್ರು.