ಕಹಿಸೊಪ್ಪು ಸಿಗದ ಊರಿನಲ್ಲಿ ಪಾಸೋವರ್

ಪಾಸೋವರ್, ಅಂದರೆ ಬೈಬಲ್ ಓದಿದವರು ಪಸ್ಕ ಎನ್ನುವ ಹಬ್ಬದ ರಾತ್ರಿ, ಯಹೂದಿಗಳ ತಟ್ಟೆಯಲ್ಲಿ ಕಹಿ ಇರಲೇಬೇಕು. ಪೂರ್ವಿಕರು ಈಜಿಪ್ಟಿನಲ್ಲಿ ಮಾಡಿದ ಜೀತ ನಾಲಿಗೆಗೂ ನೆನಪಾಗಲಿ ಅಂತ. ಯಾವ ಸೊಪ್ಪು ನಡೆದೀತು ಎನ್ನುವ ಹಳೆಯ ಪಟ್ಟಿಯಲ್ಲಿ ಮೊದಲ ಹೆಸರು ಲೆಟಿಸ್‌ನದು. ಬಿಸಿಲು ನಾಡಿನಲ್ಲಿ ಸರಿ. ಜರ್ಮನಿ, ಪೋಲೆಂಡ್‌ಗೆ ವಲಸೆ ಹೋದವರಿಗೆ ಹಬ್ಬದ ಹೊತ್ತಿಗೆ ಹಿತ್ತಿಲಲ್ಲಿ ಇದ್ದದ್ದು ಕೆಸರು. ಆಗ ಕೈಗೆ ಸಿಕ್ಕಿದ್ದು ಚಳಿಗಾಲವನ್ನು ನೆಲದೊಳಗೆ ಕಳೆದ ಹಾರ್ಸ್‌ರ್ಯಾಡಿಶ್ ಬೇರು. ಸಾಸಿವೆ, ಮೂಲಂಗಿಯ ಬಳಗದ್ದು. ಕಹಿಗಿಂತ ಖಾರವೇ ಹೆಚ್ಚು. ಹೋಗಲಿ, ಕಣ್ಣೀರಂತೂ ಗ್ಯಾರಂಟಿ.

ಇಡೀ ಬೇರು ಪರಮ ಸಾಧು. ತುರಿದರೆ ಕೋಶಗಳು ಒಡೆದು, ಒಳಗಿನ ಕಿಣ್ವ ಕೆಲಸ ಶುರುಮಾಡಿ ಘಾಟು ಏಳುತ್ತದೆ. ವಿನಿಗರ್ ಬಿದ್ದರೆ ಘಾಟು ಏರುವುದು ಅಲ್ಲಿಗೇ ನಿಲ್ಲುತ್ತದೆ. ಅಂಗಡಿಯ ಬಾಟಲಿಯಲ್ಲಿರುವುದು ಅದೇ. ಆದರೆ ವಿನಿಗರ್‌ನಲ್ಲಿ ಊರಿದ್ದು ವಿಧಿಗೆ ಸಲ್ಲದು, ಹಸಿಯದನ್ನೇ ತುರಿಯಬೇಕು. ಮಿಕ್ಸಿಗೆ ಹಾಕಿ, ಮುಚ್ಚಳ ತೆಗೆದು, ಆಯಿತೇನೋ ಎಂದು ಬಗ್ಗಿ ನೋಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಕಿಟಕಿ ತೆರೆದು, ಮುಖ ತಿರುಗಿಸಿ, ಕೈ ಚಾಚಿ ಮುಚ್ಚಳ ತೆಗೆಯಬೇಕು. ಈ ಭಯಕ್ಕೆ ಮಧ್ಯಾಹ್ನವೇ ತುರಿದು ತೆರೆದಿಟ್ಟರೆ ಇನ್ನೊಂದು ಫಜೀತಿ. ಜೀತದಿಂದ ಬಿಡುಗಡೆಯಾದ ಕಥೆ ಓದಿ ಮುಗಿಸಿ ಕಹಿಯ ಸರದಿ ಬರುವಷ್ಟರಲ್ಲಿ ಘಾಟೆಲ್ಲ ಹಾರಿ, ಬಡಗಿಯ ಹೊಟ್ಟು ಉಳಿದಿರುತ್ತದೆ. ಗಾಳಿಯಾಡದ ಡಬ್ಬಿಯೇ ಗತಿ.

ಈಗ ಅಮೆರಿಕದಲ್ಲಿ ವರ್ಷವಿಡೀ ಲೆಟಿಸ್ ಸಿಗುತ್ತದೆ. ಆದರೂ ಮರಿಮಕ್ಕಳು ತುರಿಯುತ್ತಲೇ ಇದ್ದಾರೆ. ಅಜ್ಜಿ ಅತ್ತದ್ದು ಸಂಪ್ರದಾಯವಾದರೆ ಮೊಮ್ಮಗಳು ನಗಲಾದೀತೇ?

ಅದೇ ತಟ್ಟೆಯಲ್ಲಿ, ಜೀತದ ಇಟ್ಟಿಗೆಯ ಗಾರೆಯನ್ನು ನೆನಪಿಸುವ ಸಿಹಿ ತಿನಿಸು ಹರೋಸೆತ್‌ನದೂ ಇದೇ ಪಾಡು. ಪೋಲೆಂಡಿನವರಿಗೆ ಸೇಬು, ಬಾಗ್ದಾದಿನವರಿಗೆ ಖರ್ಜೂರದ ಪಾಕ. ಬಾಗ್ದಾದಿನವರು ಮುಂಬೈ, ಕೋಲ್ಕತ್ತಾಗೆ ಬಂದಾಗ ಪಾಕವೂ ಜೊತೆಗೆ ಬಂತು. ಸೇಬಿನದು ಸುಲಭ: ಮೂರು ಸೇಬು, ಒಂದು ಕಪ್ ಆಕ್ರೋಟು, ಒಂದು ಚಮಚ ದಾಲ್ಚಿನ್ನಿ ಪುಡಿ, ಎರಡು ಮೂರು ಚಮಚ ವೈನ್. ಧಾರಾಳಿಗಳು ವೈನ್ ಸುರಿದು ರಾತ್ರಿಯಿಡೀ ಇಟ್ಟರೆ ಸೇಬು ನೀರು ಬಿಡುತ್ತದೆ. ಆ ಗಾರೆಯಲ್ಲಿ ಈಜಿಪ್ಟಿನ ದೊರೆ ಫರೋಹನ ಊರಿರಲಿ, ಕೋಳಿಗೂಡೂ ನಿಲ್ಲದು. ಖರ್ಜೂರದ ಪಾಕದ್ದು ತಿರುಗಾಮುರುಗಾ. ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ಕುದಿಸುವಾಗ ತೆಳುವೆನಿಸಿದರೂ ಇಳಿಸಿಬಿಡಬೇಕು, ಆರಿದಮೇಲೆ ತಾನೇ ಗಟ್ಟಿಯಾಗುತ್ತದೆ. ಗಟ್ಟಿಯಾಗಲೆಂದು ಕುದಿಸುತ್ತಲೇ ಇದ್ದವರ ಪಾಕಕ್ಕೆ ಉಳಿಯೇ ಬೇಕು.

ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲಿಗಳು ವೈನ್ ಗೊಡವೆಯನ್ನೇ ಬಿಟ್ಟು ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ಶರಬತ್ತು ಮಾಡಿಕೊಂಡರು. ಗೋಧಿಯಂಥ ಧಾನ್ಯದ ಹಿಟ್ಟು ಹುದುಗಿದ್ದು ಹಬ್ಬದಲ್ಲಿ ಯಾರಿಗೂ ಸಲ್ಲದು, ಆದರೆ ಇವರಿಗೆ ಅನ್ನ ನಿಷಿದ್ಧವಲ್ಲ. ಪೂರ್ವ ಯುರೋಪಿನವರಿಗೆ ಅಕ್ಕಿ, ಬೇಳೆ ಎರಡೂ ನಿಷಿದ್ಧ. ಇಸ್ರೇಲಿಗೆ ವಲಸೆ ಬಂದು ಇವರೂ ಅವರೂ ಬೀಗರಾದಾಗ ಅಡುಗೆಮನೆಯಲ್ಲಿ ಗಡಿರೇಖೆ. ಅನ್ನ ಉಣ್ಣುವವರಲ್ಲೂ ಒಂದು ಗೋಧಿಕಾಳು ಸೇರಿಬಿಟ್ಟೀತೆಂದು ಅಕ್ಕಿಯನ್ನು ಮೂರು ಸಲ ಆರಿಸುವವರಿದ್ದಾರೆ. ಮೂರನೆಯ ಸಲಕ್ಕೆ ಎಲ್ಲ ಕಾಳೂ ಗೋಧಿಯಂತೆಯೇ ಕಾಣತೊಡಗುತ್ತದೆ.

ಕೊನೆಯ ಪೇಚು ಕ್ಯಾಲೆಂಡರಿನದು. ಇಸ್ರೇಲಿನಲ್ಲಿ ಹಬ್ಬ ಏಳು ದಿನ, ಹೊರಗಿನವರಿಗೆ ಎಂಟು. ಏಳು ದಿನ ಕಳೆದ ರಾತ್ರಿ ಜೆರುಸಲೇಮಿನಲ್ಲಿ ಪಕ್ಕದ ಮನೆಗೆ ಬಿಸಿ ಪಿಜ್ಜಾ ಬರುತ್ತದೆ. ನ್ಯೂಯಾರ್ಕಿನಿಂದ ಬಂದ ನೆಂಟರು ಹುದುಗಿಸದ ಹಬ್ಬದ ರೊಟ್ಟಿ ಮಾತ್ಸಾದ ಚೂರು ಕೈಯಲ್ಲಿ ಹಿಡಿದು ಎದ್ದು ಕಿಟಕಿ ಮುಚ್ಚುತ್ತಾರೆ.