ಸ್ಲೋ ಮೋಷನ್ನಿನಲ್ಲಿ ಬಂದರು ನಾಯಕರು

ಆ ವಿಡಿಯೋ ಇಷ್ಟೊತ್ತಿಗೆ ನಿಮ್ಮ ಫೋನಿಗೂ ಬಂದಿರುತ್ತೆ, ಹಾಗಾಗಿ ಕಥೆ ಹೇಳುವುದಿಲ್ಲ. ಡ್ರೋನು, ಅಡಿಕೆ ತೋಟ, ಬಿಳಿ ಪಂಚೆ, ಸ್ಲೋ ಮೋಷನ್ ನಡಿಗೆ, ಹಿಂದೆ ಡೊಳ್ಳು. ಹೀಗೆ ನಡೆದು ಬರುವ ನಾಯಕರು ನಮ್ಮ ಶಿವಮೊಗ್ಗ ಜಿಲ್ಲಾ ಪಂಚಾಯಿತಿಯ ಟಿಕೆಟ್ ಆಕಾಂಕ್ಷಿ. ನನಗೆ ಇಷ್ಟವಾಗಿದ್ದು ನಡುವೆ ಬರುವ ಒಂದು ಚಿಕ್ಕ ಶಾಟ್. ಅಡಿಕೆ ಸುಲಿಯುತ್ತಿದ್ದ ಹೆಂಗಸೊಬ್ಬರ ಪಕ್ಕ ನಾಯಕರು ಕುಕ್ಕರುಗಾಲಲ್ಲಿ ಕೂತು, ಕತ್ತಿಗೆ ಕೈ ಹಾಕುತ್ತಾರೆ. ಆಯಮ್ಮ ಕ್ಯಾಮೆರಾ ಕಡೆ ನೋಡುತ್ತಿಲ್ಲ, ನಾಯಕರ ಮುಖವನ್ನೂ ನೋಡುತ್ತಿಲ್ಲ. ನಾಯಕರ ಹೆಬ್ಬೆರಳನ್ನೇ ನೋಡುತ್ತಿದ್ದಾರೆ. ಇವರು ಕೈ ಕುಯ್ದುಕೊಂಡರೆ ಇವತ್ತಿನ ಕೆಲಸ ಕೆಟ್ಟಿತು ಅನ್ನುವ ಮುಖ. ಇಡೀ ವಿಡಿಯೋದಲ್ಲಿ ಆಕ್ಟಿಂಗ್ ಮಾಡದೇ ಇದ್ದವರು ಅವರೊಬ್ಬರೇ.

ಚುನಾವಣೆ ಯಾವಾಗ ಅಂತ ಮಾತ್ರ ಕೇಳಬೇಡಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ವೋಟು ಹಾಕಿದ್ದೆವು. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆ ಮುಂದೆ ಹೋಗುತ್ತಲೇ ಬಂತು, ಟ್ರೇಲರ್ ಮಾತ್ರ ನಿಂತಿಲ್ಲ. ಅಧಿಸೂಚನೆ ಇಲ್ಲದೆ ನೀತಿಸಂಹಿತೆ ಇಲ್ಲ, ನೀತಿಸಂಹಿತೆ ಇಲ್ಲದೆ ಡ್ರೋನ್ ಬಾಡಿಗೆಯ ಲೆಕ್ಕ ಕೇಳುವವರೂ ಇಲ್ಲ. ಬುದ್ಧಿವಂತರು, ಮೆಚ್ಚಲೇಬೇಕು.

ಸಿನಿಮಾ ಮತ್ತು ವೋಟಿನ ವಿಷಯದಲ್ಲಿ ಶಿವಮೊಗ್ಗಕ್ಕೆ ಯಾರೂ ಪಾಠ ಹೇಳಬೇಕಿಲ್ಲ. 2023ರಲ್ಲಿ ಸುದೀಪ್ ಅವರು ಬೊಮ್ಮಾಯಿ ಪರ ಪ್ರಚಾರಕ್ಕೆ ಬರುತ್ತೇನೆ ಅಂದಿದ್ದೇ ತಡ, ಚುನಾವಣೆ ಮುಗಿಯುವವರೆಗೆ ಅವರ ಸಿನಿಮಾ, ಶೋ, ಜಾಹೀರಾತು ಎಲ್ಲ ನಿಲ್ಲಿಸಿ ಅಂತ ಆಯೋಗಕ್ಕೆ ಪತ್ರ ಬರೆದವರು ನಮ್ಮೂರಿನ ವಕೀಲರೇ. ಮರುವರ್ಷ ಗೀತಾ ಶಿವರಾಜ್‌ಕುಮಾರ್ ಇಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾದರು. ಆಗ ಶಿವಣ್ಣನ ಸಿನಿಮಾ ನಿಲ್ಲಿಸಿ ಅನ್ನುವ ಸರದಿ ಬಿಜೆಪಿಯ ಒಬಿಸಿ ಮೋರ್ಚಾದ್ದು. ಕೊನೆಗೆ ಆಗಿದ್ದೇನು? ಶಿವಣ್ಣ ಬೀದಿ ಬೀದಿ ಸುತ್ತಿದರು, ಜನ ಸೆಲ್ಫಿಗೆ ಮುಗಿಬಿದ್ದರು, ಬಿಜೆಪಿಯ ರಾಘವೇಂದ್ರ ಎರಡು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಸೆಲ್ಫಿಯೇ ಬೇರೆ, ವೋಟೇ ಬೇರೆ ಅಂತ ನಮ್ಮ ಜನಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಡ್ರೋನ್ ಬಾಡಿಗೆ ಕೊಡುವವರಿಗೆ ಮಾತ್ರ.

ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ನೋಡಿದ್ದೀರಾ? ಮತದಾನ ಮುಗಿಯುವ ಮುಂಚಿನ 48 ಗಂಟೆ ಸಂಗೀತ ಕಛೇರಿ, ನಾಟಕ, ಇನ್ನಾವುದೇ ಮನರಂಜನೆ ಇಟ್ಟು ಜನರನ್ನು ಸೆಳೆದು ಪ್ರಚಾರ ಮಾಡುವ ಹಾಗಿಲ್ಲ. ಬರೀ 48 ಗಂಟೆ! ಉಳಿದ ಐದು ವರ್ಷ ಮನರಂಜನೆಗೆ ಅಡ್ಡಿ ಇಲ್ಲ ಅಂತಾಯ್ತು.

ಯಕ್ಷಗಾನದವರ ಪಾಡು ಯೋಚಿಸಿ. ನೀತಿಸಂಹಿತೆ ಬಂತು ಅಂದರೆ ಆಟ ಆಡಿಸುವವರು ಪರ್ಮಿಷನ್‌ಗೆ ಓಡಾಡಬೇಕು. ಹಾಸ್ಯಗಾರ ಬಾಯ್ತಪ್ಪಿ ಯಾರದಾದರೂ ಹೆಸರು ಹೇಳಿದರೆ ಕಷ್ಟ. ಅದೇ ರಾತ್ರಿ ಚಂದ್ರಹಾಸನ ಕಥೆ ಆಡುತ್ತಿದ್ದಾರೆ ಅಂದುಕೊಳ್ಳಿ. ಕುಂತಳ ದೇಶದ ಮಂತ್ರಿ ರಂಗಕ್ಕೆ ಬರುತ್ತಾನೆ, ಹೆಸರು ದುಷ್ಟಬುದ್ಧಿ. ಮಂತ್ರಿಗಳನ್ನು ಹಾಗೆ ಕರೆದಿದ್ದು ಯಾವ ಪಕ್ಷದ ಪರ ಅಂತ ರಿಪೋರ್ಟ್ ಬರೆಯಬೇಕಾದ ಅಧಿಕಾರಿಯನ್ನು ನೆನೆದರೆ ಅಯ್ಯೋ ಅನಿಸುತ್ತೆ. ಅದೂ ನಿದ್ದೆಗೆಟ್ಟು, ಬೆಳಗಿನ ಜಾವದವರೆಗೆ. ಇತ್ತ ತೋಟದಲ್ಲಿ ಪಂಚೆ ಹಾರಿಸಿಕೊಂಡು ನಡೆಯುವವರಿಗೆ ಯಾವ ಪರ್ಮಿಷನ್ನೂ ಬೇಡ, ಭಾಗವತರೂ ಬೇಡ.

ಇನ್ನೊಂದು ತಮಾಷೆ. ಇದೇ ಜಿಲ್ಲೆಯ ಕೆಲವು ಹಳ್ಳಿಗಳವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನವನ್ನೇ ಮಾಡಿದ್ದರು. ಸಿಗ್ನಲ್‌ಗೆ ಗುಡ್ಡ ಹತ್ತಬೇಕಾದ ಊರುಗಳು. ಅಲ್ಲಿಯ ಮತದಾರರು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ, ಗಿರಗಿರ ತಿರುಗುವ ಚಕ್ರ ನೋಡುತ್ತಾ ನಿಂತು, ಕೊನೆಗೆ ನಾಯಕರ ಪಂಚೆಯ ದರ್ಶನ ಮಾಡಬೇಕು.

ನಗು ಬರುತ್ತೆ, ನಿಜ. ಆದರೆ ಸಾಕಾಗಿದೆ ಮಾರಾಯ್ರೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ. ಇವತ್ತಿಗೂ ದರಕು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗುವವರು ಆ ಕಾಯಿಲೆ ಹರಡುವ ಉಣುಗು ಕಚ್ಚೀತು ಅಂತ ಹೆದರಬೇಕು. ಇದ್ದ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದರು. ಲಿಂಗನಮಕ್ಕಿಗೆ ಮನೆ, ಗದ್ದೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರ ಅಂತ ಕಚೇರಿ ಅಲೆಯುತ್ತಿದ್ದಾರೆ, ಆ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಇದರ ಬಗ್ಗೆ ಒಂದು ನಿಮಿಷ ಮಾತಾಡಿ ಅಂದರೆ ನಾಯಕರ ಹತ್ತಿರ ಟೈಮಿಲ್ಲ. ಪಂಚೆ ಸರಿಯಾಗಿ ಹಾರುವವರೆಗೆ ಒನ್ ಮೋರ್ ಅನ್ನಲು ಮಾತ್ರ ಇಡೀ ಬೆಳಗ್ಗೆ ಇದೆ. ನಾಚಿಕೆ ಅನ್ನುವುದು ಒಂಚೂರಾದರೂ ಬೇಡವಾ?

ಮೊನ್ನೆ ಇದೇ ನಾಯಕರ ಯೂಟ್ಯೂಬ್ ಸಂದರ್ಶನವೂ ಬಂತು. ಫಿಟ್‌ನೆಸ್ ಗುಟ್ಟೇನು ಅಂತ ಕೇಳಿದ್ದಕ್ಕೆ ಅಮ್ಮ ಮಾಡಿದ ಕಡುಬು ಅಂದರು. ಕೆಳಗೆ ಒಬ್ಬರು, ‘ಸರ್, ನಮ್ಮ ಹಕ್ಕುಪತ್ರದ ವಿಷಯ ಏನಾಯ್ತು?’ ಅಂತ ಕಾಮೆಂಟ್ ಹಾಕಿದ್ದರು. ನಾಯಕರ ಟೀಮ್ ಉತ್ತರ ಕೊಟ್ಟಿದೆ. ಮೂರು ಕೆಂಪು ಹೃದಯ, ಒಂದು ಕೈ ಮುಗಿದ ಚಿತ್ರ, ‘ಸಪೋರ್ಟ್‌ಗೆ ಥ್ಯಾಂಕ್ಸ್ ಬ್ರೋ’.