ಫೋಟೊ ತೆಗೆದರು, ಆಮೇಲೆ?

ಹೆಂಡತಿಗೆ ನಲವತ್ತು ತುಂಬಿದ ಕೆಲವೇ ತಿಂಗಳಿಗೆ ಮನೆಗೆ ಒಂದು ಪತ್ರ ಬಂತು. ನಾವಿರುವುದು ಸ್ವೀಡನ್ನಿನ ಮಾಲ್ಮೊದಲ್ಲಿ. ಮ್ಯಾಮೊಗ್ರಾಂಗೆ ಬನ್ನಿ, ಅಂದರೆ ಸ್ತನದ ಎಕ್ಸ್‌ರೇ ತೆಗೆಸಿಕೊಳ್ಳಿ ಅಂತ ಅದರಲ್ಲಿತ್ತು. ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗ, ಎಲ್ಲಾ ಅವರೇ ಗೊತ್ತು ಮಾಡಿ ಬರೆದಿದ್ದರು. ನಾವು ಕೇಳಿರಲಿಲ್ಲ. ಅವಳಿಗೆ ಕಾಯಿಲೆ ಏನೂ ಇರಲಿಲ್ಲ. ದುಡ್ಡೂ ಕೊಡಬೇಕಿಲ್ಲ, 2016ರಿಂದ ಇಲ್ಲಿ ಅದು ಪುಕ್ಕಟೆ. ಹೋದಳು, ಚಿತ್ರ ತೆಗೆಸಿಕೊಂಡಳು, ಬರುತ್ತಾ ತರಕಾರಿ ತಂದಳು. ಅಷ್ಟೇ.

ಅದೇ ಭಾನುವಾರ ಊರಿಗೆ ಫೋನ್ ಮಾಡಿದ್ದೆ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕು. ಮಾವಿನ ತೋಪು, ಎರಡು ಸೀಮೆ ಹಸು, ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ದೊಡ್ಡಮ್ಮ ಫೋನ್ ತಗೊಂಡು, "ಬಾಯೆಲ್ಲಾ ಉರಿ ಕಣಪ್ಪಾ. ಸಾರು ಬಾಯಿಗಿಟ್ರೆ ಪ್ರಾಣ ಹೋಗುತ್ತೆ" ಅಂದಳು. ಎಷ್ಟು ದಿನದಿಂದ ಅಂದೆ. ತುಂಬಾ ದಿನದಿಂದ. ಡಾಕ್ಟರಿಗೆ ತೋರಿಸಿದ್ಯಾ ಅಂದೆ. ಆಗ ಕಥೆ ಹೊರಬಂತು. ಎರಡು ವರ್ಷದ ಹಿಂದೆ ಯಾರೋ ಕ್ಯಾಂಪಿನವರು ಬಂದು ಬಾಯೊಳಗಿನ ಫೋಟೊ ತೆಗೆದಿದ್ದರಂತೆ. "ಬಿಳಿ ಮಚ್ಚೆ ಇದೆಯಮ್ಮಾ, ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ" ಅಂತ ಹೇಳಿ ಒಂದು ಚೀಟಿ ಕೊಟ್ಟಿದ್ದರಂತೆ.

"ಯಾಕೆ ಹೋಗಲಿಲ್ಲ ದೊಡ್ಡಮ್ಮ?"

"ಏನ್ ಮಾಡೋದಪ್ಪಾ, ಆವಾಗ ಹಸು ಈಯೋಕೆ ಬಂದಿತ್ತು. ಆಮೇಲೆ ಕಾಯಿ ಕೀಳೋ ಟೈಮು. ಆಮೇಲೆ ಚೀಟಿ ಎಲ್ಲಿ ಹೋಯ್ತೋ."

ಫೋಟೊ ತೆಗೆದವರು ಯಾರು, ಯಾವ ಸಂಸ್ಥೆ, ಅವಳಿಗೆ ನೆನಪಿಲ್ಲ. ಅವರಿಗೂ ಅವಳ ನೆನಪು ಇದ್ದಂತಿಲ್ಲ. ಎರಡು ವರ್ಷದಲ್ಲಿ ಒಂದು ಫೋನೂ ಬಂದಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ಆರೋಗ್ಯಕ್ಕೂ ಕಂಪ್ಯೂಟರಿಗೂ ಸಂಬಂಧಪಟ್ಟ ಸಂಶೋಧನೆ ಯಾವುದು ಬಂದರೂ ಓದುವ ಚಟ ಇದೆ. ಈ ಎರಡು ಕ್ಷೇತ್ರದವರ ನಡುವೆ ಮಾಲ್ಮೊ ಹೆಸರು ಈಚೆಗೆ ಚೆನ್ನಾಗಿ ಓಡಾಡುತ್ತಿದೆ. ಪಕ್ಕದ ಲುಂಡ್ ವಿಶ್ವವಿದ್ಯಾಲಯದವರ 'ಮಸಾಯಿ' ಎಂಬ ಪ್ರಯೋಗ ಅದಕ್ಕೆ ಕಾರಣ. ಇಲ್ಲಿ ಒಂದೊಂದು ಮ್ಯಾಮೊಗ್ರಾಂ ಚಿತ್ರವನ್ನೂ ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ನೋಡುವುದು ರೂಢಿ. ಈ ಕೆಲಸಕ್ಕೆ ಡಾಕ್ಟರು ಸಾಲುತ್ತಿಲ್ಲ. ಹಾಗಾಗಿ 2021ರಿಂದ ಈ ಭಾಗದ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಚಿತ್ರ ಎಂದಿನಂತೆ ಇಬ್ಬರು ಡಾಕ್ಟರ ಕೈಗೆ ಹೋಯಿತು. ಇನ್ನೊಂದು ಗುಂಪಿನದನ್ನು ಮೊದಲು ಎಐ, ಅಂದರೆ ಕೃತಕ ಬುದ್ಧಿಯ ಪ್ರೋಗ್ರಾಂ ನೋಡಿ, ಕ್ಯಾನ್ಸರ್ ಅನುಮಾನ ಎಷ್ಟು ಅಂತ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟಿತು. ಹತ್ತು ಬಂದ ಚಿತ್ರಕ್ಕೆ ಇಬ್ಬರು, ಉಳಿದದ್ದಕ್ಕೆ ಒಬ್ಬರೇ. 2023ರಲ್ಲಿ ಮೊದಲ 80,000 ಹೆಂಗಸರ ಲೆಕ್ಕ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂತು. ಡಾಕ್ಟರು ಚಿತ್ರ ನೋಡುವ ಕೆಲಸ ನೂರಕ್ಕೆ 44ರಷ್ಟು ಇಳಿದಿತ್ತು. ಪತ್ತೆಯಾದ ಕ್ಯಾನ್ಸರ್ ಮಾತ್ರ ಇಳಿದಿರಲಿಲ್ಲ. ಸಾವಿರಕ್ಕೆ ಐದರ ಆಸುಪಾಸು ಇದ್ದದ್ದು ಆರರ ಆಸುಪಾಸು ಆಗಿತ್ತು. ಏನೂ ಇಲ್ಲದವರನ್ನು ಸುಮ್ನೆ ಗಾಬರಿಪಡಿಸಿದ್ದೂ ಹೆಚ್ಚಾಗಿರಲಿಲ್ಲ.

ಇದು ಕೋಲಾರಕ್ಕೆ ಬರಬಾರದಾ ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತು. ದೊಡ್ಡಮ್ಮನ ಜೊತೆ ಮಾತಾಡಿದ ಮೇಲೆ ಆ ಪೇಪರನ್ನು ಇನ್ನೊಂದು ಸಲ ತೆಗೆದು ಓದಿದೆ. ಎಐ ಮಾಡಿದ ಕೆಲಸ ಎಷ್ಟು ಸಣ್ಣದು ಅಂತ ಆಗ ಕಾಣಿಸಿತು. ಸಣ್ಣದು ಅಂದರೆ ಕಳಪೆ ಅಂತಲ್ಲ. ಪತ್ರ ಕಳಿಸುವುದು, ದಿನ ಗೊತ್ತು ಮಾಡುವುದು, ಅನುಮಾನ ಬಂದರೆ ಮತ್ತೆ ಕರೆಸುವುದು, ಇದೆಲ್ಲಾ ಮೊದಲೇ ಇತ್ತು. ನಡುವಿನ ಒಂದೇ ಒಂದು ಕೊಂಡಿಯನ್ನು ಬದಲಾಯಿಸಿದರು. ನಮ್ಮಲ್ಲಿ ಹೊಸ ಕೊಂಡಿ ಬಂದುಬಿಟ್ಟಿದೆ, ಅದನ್ನು ಸಿಕ್ಕಿಸೋಕೆ ಸರಪಳಿಯೇ ಇಲ್ಲ.

ಬಾಯಿ ಕ್ಯಾನ್ಸರ್ ವಿಷಯ ಕೋಲಾರದವರಿಗೆ ಹೊಸದಲ್ಲ. ಬೇರೆ ಕಡೆ ಇದು ಗಂಡಸರ ಕಾಯಿಲೆ ಅನ್ನುವಂತಿದ್ದರೆ ನಮ್ಮಲ್ಲಿ ಹೆಂಗಸರಲ್ಲೂ ಜಾಸ್ತಿ. ಕೋಲಾರದ ಪಕ್ಕದ ಟಮಕದ ಮೆಡಿಕಲ್ ಕಾಲೇಜಿನ ಡಾಕ್ಟರು ಇದರ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ದವಡೆಯ ಸಂದಿಗೆ ಒತ್ತಿಟ್ಟುಕೊಂಡು ರಾತ್ರಿ ಹಾಗೇ ಮಲಗುವುದು ನಮ್ಮ ಕಡೆಯ ಅಜ್ಜಿಯರ ಅಭ್ಯಾಸ. ಹಲ್ಲುನೋವಿಗೆ ಅಂತ ಶುರುವಾಗಿ ಬಿಡದೇ ಹೋದದ್ದು. ಕೆನ್ನೆಯ ಒಳಗೋಡೆಗೆ ರಾತ್ರಿಯಿಡೀ ವಿಷ ಹಚ್ಚಿದ ಹಾಗೆ. ಗಡ್ಡೆ ಏಳುವುದೂ ಅಲ್ಲೇ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯಿತು. ಅಂಗಡಿಯಲ್ಲಿ ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಬೆರೆಸಿಕೊಳ್ಳುವ ಕೆಲಸವೊಂದು ಗಿರಾಕಿಗೆ ಹೆಚ್ಚಾಗಿದೆ, ಅಷ್ಟೇ. ದೊಡ್ಡಮ್ಮನ ಹೊಗೆಸೊಪ್ಪಿಗಂತೂ ಯಾವ ನಿಷೇಧವೂ ತಟ್ಟಿಲ್ಲ.

ಈ ಕಾಯಿಲೆಗೂ ಕಂಪ್ಯೂಟರ್ ಸಂಶೋಧನೆ ಬಂದಿದೆ, ಒಳ್ಳೆಯದೇ ಬಂದಿದೆ. ಬೆಂಗಳೂರಿನ ದಂತವೈದ್ಯರು ಮತ್ತು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಸೇರಿ ಫೋನಿಗೆ ಜೋಡಿಸುವ ಒಂದು ಸಾಧನ ಮಾಡಿದ್ದಾರೆ. ಬಿಳಿ ಬೆಳಕಿನಲ್ಲಿ ಒಂದು ಫೋಟೊ, ನೇರಳೆ ಬೆಳಕಿನಲ್ಲಿ ಇನ್ನೊಂದು. ನೇರಳೆ ಬೆಳಕು ಬಿದ್ದಾಗ ಆರೋಗ್ಯವಾಗಿರುವ ಚರ್ಮ ಮಂದವಾಗಿ ಹೊಳೆಯುತ್ತದೆ, ಕೆಟ್ಟ ಜಾಗ ಕಪ್ಪಾಗಿ ಕಾಣುತ್ತದೆ. ಎರಡನ್ನೂ ನೋಡಿ ಎಐ ಅನುಮಾನ ಇದೆ, ಇಲ್ಲ ಅಂತ ಹೇಳುತ್ತದೆ. 2022ರಲ್ಲಿ ಪ್ರಕಟವಾದ ಅವರ ಪೇಪರಿನಲ್ಲಿ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಲೆಕ್ಕ ಇದೆ. ಓದಿ ಹೆಮ್ಮೆಯಾಯಿತು. ಆದರೆ ಈ ತರಹದ ಪೇಪರುಗಳಲ್ಲಿ ಮುಖ್ಯ ಪ್ರಶ್ನೆ ಒಂದೇ ಇರುತ್ತದೆ. ಯಂತ್ರ ಹೇಳಿದ್ದೂ ತಜ್ಞರು ಹೇಳಿದ್ದೂ ಎಷ್ಟು ಹೊಂದುತ್ತದೆ? ನೂರಕ್ಕೆ ಎಂಬತ್ತೋ ತೊಂಬತ್ತೋ ಬಂದರೆ ಪೇಪರ್ ಮುಗಿಯಿತು. ದೊಡ್ಡಮ್ಮನ ಕಷ್ಟ ಶುರುವಾಗುವುದು ಅಲ್ಲಿಂದ.

ಫೋಟೊ ತೆಗೆಯುವುದೂ ಸಲೀಸಲ್ಲ ಬಿಡಿ. ಅಡಿಕೆ ಜಾಸ್ತಿ ಅಗಿದವರ ಬಾಯಿ ಬರಬರುತ್ತಾ ಬಿಗಿದುಕೊಳ್ಳುತ್ತದೆ. ಅವರದೇ ಮೂರು ಬೆರಳು ಜೋಡಿಸಿ ಬಾಯೊಳಗೆ ಹೋಗುತ್ತಾ ಅಂತ ಡಾಕ್ಟರು ನೋಡುತ್ತಾರಲ್ಲ, ಅದೇ ಹೋಗುವುದಿಲ್ಲ. ಯಾರ ಬಾಯಿಯನ್ನು ಮೊದಲು ನೋಡಬೇಕೋ ಅವರ ಬಾಯಿಯೇ ಕ್ಯಾಮೆರಾಗೆ ತೆರೆಯುವುದಿಲ್ಲ.

ಈಗ ಕಂಪ್ಯೂಟರೇ ಇಲ್ಲದ ಒಂದು ಸಂಶೋಧನೆ ಹೇಳುತ್ತೇನೆ. ಪಕ್ಕದ ಕೇರಳದ್ದು. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಶುರುವಾಯಿತು. ಸುಮಾರು 1.9 ಲಕ್ಷ ಜನ. ಏಳು ಪಂಚಾಯಿತಿಗಳಲ್ಲಿ ಡಾಕ್ಟರಲ್ಲದ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು, ಉಳಿದ ಆರರಲ್ಲಿ ನೋಡಲಿಲ್ಲ. ಬೆಳಕು ಹಾಕಿ, ಕಣ್ಣಿನಿಂದ ನೋಡಿದ್ದು, ಅಷ್ಟೇ. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ತಂಬಾಕು, ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು, ಬಾಯಿ ನೋಡದ ಕಡೆಗಿಂತ ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನಮ್ಮ ದೇಶದಿಂದ ಬಂದ ದೊಡ್ಡ ಸುದ್ದಿ ಇದೇ.

ಅದೇ ಪೇಪರಿನಲ್ಲಿ ಇನ್ನೊಂದು ಲೆಕ್ಕ ಇದೆ, ಜನ ಅದನ್ನು ಅಷ್ಟಾಗಿ ನೋಡುವುದಿಲ್ಲ. ಅನುಮಾನ ಇದೆ ಅಂತ ದೊಡ್ಡ ಡಾಕ್ಟರ ಹತ್ತಿರ ಕಳಿಸಿದ್ದು 5,145 ಜನರನ್ನು. ಹೋದವರು 3,218. ಎರಡು ಸಾವಿರದ ಹತ್ತಿರ ಜನ ಹೋಗಲೇ ಇಲ್ಲ. ಅದೂ ಓದು ಬರಹ, ಆಸ್ಪತ್ರೆ ಎಲ್ಲಾ ನಮಗಿಂತ ಮುಂದಿರುವ ಕೇರಳದಲ್ಲಿ. ಅವರ ಮನೆಯಲ್ಲೂ ಯಾವುದೋ ಹಸು ಈಯೋಕೆ ಬಂದಿತ್ತೋ ಏನೋ.

ಎಐನ ಕಣ್ಣನ್ನು ನೂರಕ್ಕೆ ಎರಡರಷ್ಟು ಚುರುಕು ಮಾಡಲು ನಮ್ಮ ಕಾಲೇಜುಗಳಲ್ಲಿ ಎಷ್ಟೊಂದು ಬುದ್ಧಿ ಸುರಿಯುತ್ತಿದ್ದಾರೆ. ಹೋಗದೇ ಉಳಿದ ಆ ಎರಡು ಸಾವಿರ ಜನರ ಕಡೆಗೆ ಅದರಲ್ಲಿ ಕಾಲುಭಾಗ ತಿರುಗಿದರೂ ಸಾಕು. ಅದೂ ಕಂಪ್ಯೂಟರ್ ಸಂಶೋಧನೆಯೇ ಅಲ್ವಾ? ಯಾರು ಬರಲಿಲ್ಲ ಅಂತ ತಾನಾಗಿ ಹೇಳುವ ಒಂದು ಪಟ್ಟಿ. ಸುಗ್ಗಿ, ಜಾತ್ರೆ, ಬಸ್ಸಿನ ಟೈಮು ನೋಡಿ ದಿನ ಕೊಡುವ ಒಂದು ಪ್ರೋಗ್ರಾಂ. ಓದು ಬಾರದವರಿಗೆ ಅವರ ಭಾಷೆಯಲ್ಲೇ ಮಾತಾಡುವ ಒಂದು ಫೋನ್ ಕರೆ, ನಮ್ಮ ಕಡೆಗಾದರೆ ತೆಲುಗು ಬೆರೆತ ಕನ್ನಡದಲ್ಲಿ. ಇದರಲ್ಲಿ ಮಿಂಚುವಂಥದ್ದು ಏನೂ ಇಲ್ಲ, ನಿಜ. ಕಾನ್ಫರೆನ್ಸಿನಲ್ಲಿ ಚಪ್ಪಾಳೆಯೂ ಬೀಳಲಿಕ್ಕಿಲ್ಲ.

ಮಾಲ್ಮೊದವರಿಗೆ ಹೀಗೆ ಒಬ್ಬೊಬ್ಬರ ಬೆನ್ನು ಹತ್ತುವುದು ಸುಲಭವಾಗಿರುವುದು ಅವರು ಜಾಣರು ಅಂತಲ್ಲ. 1947ರಲ್ಲೇ, ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಸ್ವೀಡನ್ನಿನಲ್ಲಿ ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟುಬಿಟ್ಟರು. ಆಸ್ಪತ್ರೆ, ಔಷಧಿ ಅಂಗಡಿ, ತೆರಿಗೆ, ಎಲ್ಲಾ ಅದೇ ನಂಬರ್. ಇವತ್ತು ಚಿತ್ರ ತೆಗೆಸಿಕೊಂಡವಳಿಗೆ ಎರಡು ವರ್ಷದ ಮೇಲೆ ಕ್ಯಾನ್ಸರ್ ಬಂದರೂ ಸಂಶೋಧಕರಿಗೆ ಗೊತ್ತಾಗುತ್ತದೆ. ಯಂತ್ರ ಎಲ್ಲಿ ತಪ್ಪಿತು ಅಂತ ಹಿಂದೆ ಹೋಗಿ ನೋಡಬಹುದು. ದೊಡ್ಡಮ್ಮನ ಹತ್ತಿರವೂ 14 ಅಂಕಿಯ ಆಭಾ ನಂಬರ್, ಅಂದರೆ ಸರ್ಕಾರ ಕೊಡುವ ಆರೋಗ್ಯದ ಗುರುತಿನ ನಂಬರ್ ಇದೆ. ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡಿನ ಜೊತೆ ಭದ್ರವಾಗಿದೆ. ಇದುವರೆಗೆ ಯಾರೂ ಅದನ್ನು ತೋರಿಸು ಅಂತ ಕೇಳಿಲ್ಲವಂತೆ.

ಇಷ್ಟು ಹೇಳಿದ ಮೇಲೆ ಇಲ್ಲಿನ ಹುಳುಕೂ ಹೇಳಬೇಕು. ಮಾಲ್ಮೊದಲ್ಲಿ ಹೊರದೇಶದಿಂದ ಬಂದವರು ತುಂಬಾ ಜನ. ಪತ್ರ ಬಂದರೂ ಹೋಗದವರು ಅವರಲ್ಲೇ ಜಾಸ್ತಿ. ಕೆಲವರಿಗೆ ಭಾಷೆ ಬರುವುದಿಲ್ಲ, ಕೆಲವರಿಗೆ ಸಂಕೋಚ. ಹೋಗದಿದ್ದರೆ ಮತ್ತೊಂದು ಪತ್ರ. ನಾವಿಲ್ಲಿ ಇದ್ದಷ್ಟು ವರ್ಷದಲ್ಲಿ ಯಾರೂ ಬಾಗಿಲು ತಟ್ಟಿ "ಯಾಕಮ್ಮಾ ಬರಲಿಲ್ಲ?" ಅಂದದ್ದು ನಾನು ಕಂಡಿಲ್ಲ. ಕೋಲಾರದಲ್ಲಿ ಹಾಗೆ ಕೇಳುವವರು ಇದ್ದಾರೆ. ಆಶಾ ಕಾರ್ಯಕರ್ತೆ. ನಮ್ಮೂರಿನ ಆಶಾ ಅಕ್ಕನಿಗೆ ಯಾರ ಮನೆಯಲ್ಲಿ ಎಷ್ಟು ಜನ, ಯಾರು ಏನು ಅಗಿಯುತ್ತಾರೆ, ಯಾವ ಸೊಸೆ ಮಾತು ಕೇಳುತ್ತಾಳೆ, ಎಲ್ಲಾ ಗೊತ್ತು. ಸ್ವೀಡನ್ನಿನ ಯಾವ ಸರ್ವರಿನಲ್ಲೂ ಆ ಮಾಹಿತಿ ಇಲ್ಲ. ಮನೆಬಾಗಿಲಿಗೇ ಬಂದು ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ಎಲ್ಲಾ ನೋಡುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದೂ ನಮ್ಮ ಕೋಲಾರ ಜಿಲ್ಲೆಯಲ್ಲೇ.

ಆದರೆ ಅದೇ ಆಶಾಗಳು 2025ರ ಜನವರಿಯಲ್ಲಿ ತಿಂಗಳಿಗೆ ಹದಿನೈದು ಸಾವಿರ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂರಬೇಕಾಯಿತು. ಒಂದು ಎಐ ಪ್ರಾಜೆಕ್ಟಿನ ಸರ್ವರ್ ಬಾಡಿಗೆ ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತು, ಅದೇ ನನ್ನ ದಿನದ ಕೆಲಸ. ಆ ಲೆಕ್ಕ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಕೋಲಾರದ ಜನರ ಬಾಯಿ, ಕಣ್ಣು, ಎದೆಯ ಫೋಟೊ ತೆಗೆಯಲು ಇನ್ನೂ ಸಂಶೋಧಕರು ಬರುತ್ತಾರೆ, ಬರಲಿ. ಅವರಲ್ಲಿ ನನ್ನದೊಂದೇ ಕೋರಿಕೆ. ನಿಮ್ಮ ಪೇಪರಿನಲ್ಲಿ ಇನ್ನೊಂದು ಸಾಲು ಸೇರಿಸಿ. ಅನುಮಾನ ಇದೆ ಅಂತ ಕಳಿಸಿದವರಲ್ಲಿ ಎಷ್ಟು ಜನ ಟಮಕವನ್ನೋ ಜಿಲ್ಲಾಸ್ಪತ್ರೆಯನ್ನೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯನ್ನೋ ಮುಟ್ಟಿದರು, ಎಷ್ಟು ದಿನಕ್ಕೆ ಮುಟ್ಟಿದರು? ಪ್ರಾಜೆಕ್ಟಿನ ದುಡ್ಡಿನಲ್ಲಿ ಆಶಾ ಜೊತೆಗೆ ಹೋಗಿ ಬರುವ ಖರ್ಚನ್ನು ಮೊದಲೇ ತೆಗೆದಿಡಿ. ಆ ಸಂಖ್ಯೆ ಚಿಕ್ಕದಾಗಿ ಬಂದರೂ ಪರವಾಗಿಲ್ಲ, ಮುಚ್ಚಿಡದೆ ಹಾಕಿ.

ದೊಡ್ಡಮ್ಮನ ವಿಷಯ ಹೇಳಲಿಲ್ಲ ಅಲ್ವಾ. ಕೊನೆಗೆ ಆಶಾ ಅಕ್ಕನೇ ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೋದರು. ಹಸುವಿಗೆ ಮೇವು ಹಾಕಲು ಪಕ್ಕದ ಮನೆಯವರನ್ನು ಒಪ್ಪಿಸಿದ್ದೂ ಅವರೇ. ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಅಲ್ಲ, ಆದರೆ ಆ ಕಡೆ ತಿರುಗಿಕೊಂಡಿರುವ ಮಚ್ಚೆ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಹೊಗೆಸೊಪ್ಪು, ಅಡಿಕೆ ಎರಡನ್ನೂ ಬಿಡಬೇಕು ಅಂದಿದ್ದಾರೆ. ಮುಂದಿನ ತಾರೀಖಿಗೆ ಆಶಾ ಅಕ್ಕ ಹಾಲಿನ ಡೈರಿಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಹೋಗಿದ್ದಾರೆ. ಹೊಗೆಸೊಪ್ಪು ಬಿಟ್ಟೆ ಅನ್ನುತ್ತಾಳೆ ದೊಡ್ಡಮ್ಮ. ಅಡಿಕೆ ಅಂದರೆ ಮಾತ್ರ, "ಲೈನ್ ಸರಿಯಾಗಿ ಕೇಳಿಸ್ತಿಲ್ಲ ಕಣಪ್ಪಾ" ಅಂತಾಳೆ.